ಇವಾಂಗೆಲಿಯನ್ ಅನ್ನು ಮನೋವಿಶ್ಲೇಷಣೆಯ ಕಣ್ಣಲ್ಲಿ ಓದುವುದು ಹೇಗೆ? ಡೊಂಬಿವಲಿಯ ಭಾನುವಾರಗಳಿಂದ ಕಲಿತದ್ದು

ನಮ್ಮ ಮಾವ 14ನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾರೆ. ಒಂದು ಭಾನುವಾರ ಸಂಜೆ ನಾನು, ಕಾಲೇಜಿಗೆ ಹೋಗುವ ಮಗಳು, ಅವಳ ಇಬ್ಬರು ಗೆಳತಿಯರು ಹಾಲಿನಲ್ಲಿ ಕೂತು ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಎಂಬ ಜಪಾನಿ ಅನಿಮೇಷನ್ ಸರಣಿ ಶುರು ಮಾಡಿದ್ದೆವು. ಮಾವ ಕಾಫಿ ಲೋಟ ಹಿಡಿದು ಹಿಂದೆ ಕೂತಿದ್ದರು. ಮೊದಲ ಕಂತಿನಲ್ಲಿ 14 ವರ್ಷದ ಶಿಂಜಿಗೆ ಅಪ್ಪನಿಂದ ಒಂದು ಕಾಗದ ಬಂದಿರುತ್ತದೆ. ಅದರಲ್ಲಿ ಇರೋದು ಒಂದೇ ಮಾತು, ಬಾ ಅಂತ. ಮಾವ ಲೋಟ ಕೆಳಗಿಟ್ಟರು. “ನನಗೂ ಇಂಥದ್ದೇ ಒಂದು ಕಾರ್ಡ್ ಬಂದಿತ್ತು. ಹೇಗಿದ್ದೀಯ ಅಂತ ಕೂಡ ಬರೆದಿರಲಿಲ್ಲ” ಎಂದರು. ಆಮೇಲೆ ಎದ್ದು ಬಾಲ್ಕನಿಗೆ ಹೋದರು.

ಮನೋವಿಶ್ಲೇಷಣೆ ಅಂದರೆ ನಮಗೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಅಡಗಿದ್ದನ್ನು ಮಾತು, ಕನಸು, ನೆನಪುಗಳಿಂದ ಹುಡುಕುವುದು. ಅದರ ಬಗ್ಗೆ ನಾನು ವರ್ಷಗಟ್ಟಲೆ ಓದಿದ್ದೆ. ಆದರೆ ಅದು ಎಲ್ಲಿಂದ ಶುರುವಾಗಬೇಕು ಅಂತ ಕಣ್ಣಾರೆ ಕಂಡದ್ದು ಆ ದಿನ. ಒಂದು ಚಿತ್ರ ಬಂತು, ಅದು ಒಳಗಿನ ಯಾವುದೋ ನೆನಪಿಗೆ ತಾಗಿತು, ಒಂದು ಮಾತು ಹೊರಬಂತು. ಮಾವನ ಬಾಯಲ್ಲಿ ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡನ ಹೆಸರು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಒಂದು ಅನಿಮೇಷನ್ ಸರಣಿಯನ್ನು ಹೀಗೆ ಓದುವುದು ಹೇಗೆ ಅಂತ ಕೇಳುವವರಿಗಾಗಿ, ಆಮೇಲಿನ ಭಾನುವಾರಗಳಲ್ಲಿ ನಮಗೆ ಹದವಾಗಿ ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳು ಇದರಲ್ಲಿ ಬರುತ್ತವೆ. ಸರಣಿಯನ್ನು ಇನ್ನೂ ನೋಡಿಲ್ಲದಿದ್ದರೆ ಮೊದಲು ನೋಡಿ ಬನ್ನಿ.

ಯಾಕೆ ಇದೇ ಸರಣಿ

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹಿದೆಯಾಕಿ ಆನ್ನೊ ನಿರ್ದೇಶನ, ಗೈನಾಕ್ಸ್ ಸ್ಟುಡಿಯೊದ ಕೆಲಸ. ಜಪಾನಿನ ಟಿವಿಯಲ್ಲಿ 1995ರ ಅಕ್ಟೋಬರಿನಿಂದ 1996ರ ಮಾರ್ಚ್‌ವರೆಗೆ 26 ಕಂತು ಬಂತು. ಒಂದೊಂದು ಕಂತು ಅರ್ಧ ಗಂಟೆಗೂ ಕಡಿಮೆ. ಮೇಲುನೋಟಕ್ಕೆ ಇದು ದೈತ್ಯ ರೋಬೋಟುಗಳ ಕಥೆ. ಭೂಮಿಯ ಮೇಲೆ ‘ದೇವದೂತರು’ ಎಂಬ ವಿಚಿತ್ರ ಜೀವಿಗಳು ದಾಳಿ ಮಾಡುತ್ತವೆ. ಇವಾ ಎಂಬ ಯಂತ್ರದೊಳಗೆ ಕೂತು ಮಕ್ಕಳು ಅವುಗಳ ಜೊತೆ ಹೋರಾಡುತ್ತಾರೆ. ಆದರೆ ಪ್ರತಿ ಕಂತಿನ ಮಧ್ಯದಲ್ಲಿ ಬರುವ ಇಂಗ್ಲಿಷ್ ಶೀರ್ಷಿಕೆಗಳನ್ನು ನೋಡಿ. 16ನೆಯದರ ಹೆಸರು ‘ಸ್ಪ್ಲಿಟಿಂಗ್ ಆಫ್ ದಿ ಬ್ರೆಸ್ಟ್’. 18 ‘ಆಂಬಿವೇಲೆನ್ಸ್’. 19 ‘ಇಂಟ್ರೊಜೆಕ್ಷನ್’. 20ರ ಹೆಸರಿನಲ್ಲಿ ‘ಓರಲ್ ಸ್ಟೇಜ್’ ಇದೆ. ಎಲ್ಲವೂ ಮನೋವಿಶ್ಲೇಷಣೆಯ ಪುಸ್ತಕದ ಮಾತುಗಳು. ಅಂದರೆ ಈ ಕನ್ನಡಕ ನಾವು ಹೊರಗಿನಿಂದ ತಂದು ಹಾಕಿಕೊಂಡದ್ದಲ್ಲ, ಮಾಡಿದವರೇ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ.

ಇದರಲ್ಲಿ ಒಂದು ಅಪಾಯವೂ ಇದೆ. ಬೀಗದ ಪಕ್ಕದಲ್ಲೇ ಕೀಲಿ ಇಟ್ಟಿದ್ದರೆ ಅದು ಸರಿಯಾದ ಕೀಲಿಯೇ ಅಂತ ನಾವು ನಂಬಿಬಿಡುತ್ತೇವೆ. ಅದಕ್ಕೇ ಶೀರ್ಷಿಕೆಗಳನ್ನು ಸದ್ಯಕ್ಕೆ ಬದಿಗಿಡಿ.

ಹೆಜ್ಜೆ 1: ಮೊದಲ ಸಲ ಸುಮ್ನೆ ನೋಡಿ

ಪುಸ್ತಕ ಬೇಡ, ವಿಮರ್ಶೆ ಬೇಡ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಪುಟವನ್ನು ಮೂರು ಭಾಗ ಮಾಡಿ: ಕಂಡದ್ದು, ನನಗೆ ಆದದ್ದು, ನೆನಪಾದದ್ದು. ಎರಡನೆಯ ಭಾಗದಲ್ಲಿ ಮುಚ್ಚುಮರೆ ಬೇಡ. ಬೇಜಾರಾಯ್ತು, ಸಿಟ್ಟು ಬಂತು, ಮುಜುಗರ ಆಯ್ತು, ಫೋನ್ ತೆಗೆದೆ, ಎದ್ದು ಹೋದೆ, ಎಲ್ಲ ಬರೆಯಿರಿ. ವಿಶ್ಲೇಷಕರು ರೋಗಿಯ ಮಾತು ಕೇಳುವಾಗ ತಮ್ಮೊಳಗೆ ಏನಾಗುತ್ತಿದೆ ಅಂತಲೂ ಗಮನಿಸುತ್ತಾರೆ. ನೋಡುವವರಾದ ನಮಗೂ ಅದೇ ದೊಡ್ಡ ಸಾಧನ.

ನನ್ನ ಮಗಳು ಮೊದಲ ಕಂತಿಗೆ ಬರೆದದ್ದು ಒಂದೇ ಸಾಲು: “ಶಿಂಜಿ ಅಳುಬುರುಕ, ತುಂಬಾ ಕಿರಿಕಿರಿ.” ಆ ಸಾಲನ್ನು ಅಳಿಸಬೇಡ ಎಂದೆ.

ಹೆಜ್ಜೆ 2: ಎರಡನೆಯ ಸಲ, ಮತ್ತೆ ಮತ್ತೆ ಬರುವುದನ್ನು ಎಣಿಸಿ

26 ಕಂತನ್ನೂ ಒಟ್ಟಿಗೆ ಓದಲು ಹೋಗಬೇಡಿ. ಎರಡೋ ಮೂರೋ ಕಂತು ಆರಿಸಿಕೊಳ್ಳಿ. ಮನಸ್ಸಿನಲ್ಲಿ ಇತ್ಯರ್ಥವಾಗದ ವಿಷಯ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ ಎನ್ನುವುದು ಫ್ರಾಯ್ಡ್ ಒತ್ತಿ ಹೇಳಿದ ಮಾತು. ಅದಕ್ಕೇ ಏನೇನು ಮರಳಿ ಬರುತ್ತದೆ ಅಂತ ಪಟ್ಟಿ ಮಾಡಿ. ಮಾತು, ವಸ್ತು, ಜಾಗ, ಶಬ್ದ, ಯಾವುದೂ ಆಗಬಹುದು.

ನಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ‘ಓಡಿಹೋಗಬಾರದು’ ಎಂದು ಶಿಂಜಿ ತನಗೆ ತಾನೇ ಹೇಳಿಕೊಳ್ಳುವ ಮಾತು. ಆಮೇಲೆ ಅವನ ಟೇಪ್ ಪ್ಲೇಯರ್. ಅದು 25, 26ನೆಯ ಹಾಡುಗಳ ನಡುವೆಯೇ ಸುತ್ತುತ್ತಿರುತ್ತದೆ. ಆಸ್ಪತ್ರೆಯ ಅಪರಿಚಿತ ಚಾವಣಿ ಬಂತು. ಆಮೇಲೆ ರೈಲು.

ರೈಲಿನ ಬಳಿ ನಾವು ತುಂಬ ಹೊತ್ತು ನಿಂತೆವು. 4ನೇ ಕಂತಿನಲ್ಲಿ ಶಿಂಜಿ ಮನೆ ಬಿಟ್ಟು ಹೋಗುತ್ತಾನೆ. ಎಲ್ಲಿಗೂ ಹೋಗಲು ಜಾಗವಿಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಂಡು ರೈಲಿನಲ್ಲಿ ಕೂರುತ್ತಾನೆ. ಜನ ಹತ್ತುತ್ತಾರೆ, ಇಳಿಯುತ್ತಾರೆ, ಹೊತ್ತು ಮುಳುಗುತ್ತದೆ. ಇದು ನಿಜವಾದ ರೈಲು. 16ನೇ ಕಂತಿನಲ್ಲಿ ಮತ್ತೆ ರೈಲು ಬರುತ್ತದೆ, ಆದರೆ ಈ ಸಲ ಅದು ಅವನ ತಲೆಯೊಳಗೆ. ಸಂಜೆಯ ಕೆಂಪು ಬೆಳಕು, ಖಾಲಿ ಡಬ್ಬಿ, ಎದುರಿನ ಸೀಟಿನಲ್ಲಿ ಅವನೇ. ಮೊದಲು ಹೊರಗಿದ್ದದ್ದು ಆಮೇಲೆ ಒಳಗೆ ಬಂತು. ಎರಡು ಕಂತನ್ನು ಪಕ್ಕಪಕ್ಕ ಇಟ್ಟು ನೋಡದಿದ್ದರೆ ಇದು ಕಾಣುವುದಿಲ್ಲ.

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನಾ ಓಡಾಡುವ ನಮಗೆ ಮನಸ್ಸಿನ ಚಿತ್ರವಾಗಿ ರೈಲೇ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಮನೆಯೂ ಅಲ್ಲದ, ಆಫೀಸೂ ಅಲ್ಲದ ಹೊತ್ತು ಅದು. ಕಿಟಕಿಯಲ್ಲಿ ತಲೆಯಿಟ್ಟಾಗ ಬೇಡದ್ದೆಲ್ಲ ನೆನಪಿಗೆ ಬರುವುದು ಅಲ್ಲೇ ಅಲ್ವಾ? ನಮ್ಮ ಗುಂಪಿನ ಹುಡುಗಿಯೊಬ್ಬಳು ‘ನೆನಪಾದದ್ದು’ ಭಾಗದಲ್ಲಿ ಹೀಗೆ ಬರೆದಳು: “ರಾತ್ರಿ ಕೊನೆಯ ಗಾಡಿ. ದಿವಾ ಸ್ಟೇಷನ್ ದಾಟಿದ ಮೇಲೆ ಲೇಡೀಸ್ ಡಬ್ಬಿಯಲ್ಲಿ ನಾನೊಬ್ಬಳೇ.”

ಹೆಜ್ಜೆ 3: ಕೆಲವೇ ಕೆಲವು ಪರಿಕಲ್ಪನೆ, ಅದೂ ನಿಮ್ಮ ಮಾತಿನಲ್ಲಿ

ಹೆಚ್ಚಿನವರು ಎಡವುವುದು ಇಲ್ಲಿ. ದೊಡ್ಡ ಪದಗಳ ಪಟ್ಟಿ ಕೈಗೆ ಸಿಕ್ಕ ಕೂಡಲೇ ಕಂಡದ್ದಕ್ಕೆಲ್ಲ ಅಂಟಿಸುತ್ತಾ ಹೋಗುತ್ತಾರೆ. ಇದು ದಮನ, ಅದು ಈಡಿಪಸ್, ಮತ್ತೊಂದು ಸಾವಿನ ಬಯಕೆ. ಅಂಟಿಸಿ ಮುಗಿದ ಮೇಲೆ ದೃಶ್ಯ ಮೊದಲಿಗಿಂತ ಚಿಕ್ಕದಾಗಿರುತ್ತದೆ.

ನಾನು ಹೇಳುವ ದಾರಿ ಬೇರೆ. ಒಂದು ಪರಿಕಲ್ಪನೆ ತೆಗೆದುಕೊಳ್ಳಿ. ನಮ್ಮ ಅಡುಗೆಮನೆಯ ಕನ್ನಡದಲ್ಲಿ ಅದಕ್ಕೆ ಏನು ಹೇಳುತ್ತೇವೆ ಅಂತ ಹುಡುಕಿ. ಆ ಕನ್ನಡದ ಮಾತಿನಿಂದ ದೃಶ್ಯಕ್ಕೆ ಹೋಗಿ. ನಮ್ಮ ಭಾಷೆ ಮನಸ್ಸಿನ ವಿಷಯವನ್ನು ಮೈಯ ಮಾತಿನಲ್ಲಿ ಹೇಳುತ್ತದೆ. ಹೊಟ್ಟೆ, ಕರುಳು, ಎದೆ, ಹೊಕ್ಕುಳು. ಮನೋವಿಶ್ಲೇಷಣೆಯೂ ಹುಟ್ಟಿದ್ದು ಮೈಯ ಸುತ್ತಲೇ. ಹಾಗಾಗಿ ಎರಡಕ್ಕೂ ಬೇಗ ಹೊಂದುತ್ತದೆ.

ಫ್ರಾಯ್ಡ್ ಕನಸಿನ ಬಗ್ಗೆ ಹೇಳಿದ ‘ಸ್ಥಳಾಂತರ’ವನ್ನೇ ನೋಡಿ. ಒಬ್ಬರ ಮೇಲಿನ ಭಾವನೆ ಇನ್ನೊಬ್ಬರ ಮೇಲೆ ಹೋಗಿ ಕೂರುವುದು. ನಮ್ಮಲ್ಲಿ ಗಾದೆಯೇ ಇದೆ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಈಗ 22ನೇ ಕಂತಿಗೆ ಹೋಗಿ. ಶಿಂಜಿಯ ಹಾಗೆ ಇವಾ ಓಡಿಸುವ ಇಬ್ಬರು ಹುಡುಗಿಯರು ಅಸುಕಾ, ರೇ. ಅಸುಕಾ ರೇಯನ್ನು ಗೊಂಬೆ ಎಂದು ಬೈದು ಕೆನ್ನೆಗೆ ಬಾರಿಸುತ್ತಾಳೆ. ಅಷ್ಟು ಸಿಟ್ಟು ಯಾಕೆ? ಅಸುಕಾಳ ತಾಯಿ ಬುದ್ಧಿ ಕಳೆದುಕೊಂಡು ಒಂದು ಗೊಂಬೆಯನ್ನೇ ಮಗಳು ಅಂದುಕೊಂಡಿದ್ದಳು. ಎದುರಿಗೆ ನಿಂತ ನಿಜವಾದ ಮಗಳು ಅವಳ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ತಾಯಿ ನೇಣು ಹಾಕಿಕೊಂಡಳು. ಗೊಂಬೆಯ ಮೇಲಿನ, ತಾಯಿಯ ಮೇಲಿನ ಸಿಟ್ಟು ಹತ್ತು ವರ್ಷ ದಾಟಿ ಬಂದು ರೇಯ ಕೆನ್ನೆಗೆ ಬಿತ್ತು. ಇಲ್ಲಿ ಕೊತ್ತಿ ಆದವಳು ರೇ.

‘ಇಂಟ್ರೊಜೆಕ್ಷನ್’ ಅಂದರೆ ಹೊರಗಿನ ವ್ಯಕ್ತಿಯನ್ನು, ವಸ್ತುವನ್ನು ಮನಸ್ಸಿನೊಳಕ್ಕೆ ತೆಗೆದುಕೊಂಡು ತನ್ನದಾಗಿ ಮಾಡಿಕೊಳ್ಳುವುದು. ಸಂಸ್ಕೃತದ ಪದ ಕಟ್ಟಿದರೆ ಬಾಯಿ ತಿರುಗುವುದಿಲ್ಲ. ಆದರೆ ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎಂದು ನಾವು ದಿನಾ ಹೇಳುತ್ತೇವೆ. ಯಾರದೋ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎನ್ನುತ್ತೇವೆ. 19ನೇ ಕಂತಿನಲ್ಲಿ ಇವಾ ಸೋಲಿಸಿದ ದೇವದೂತನನ್ನು ನಿಜವಾಗಿಯೇ ತಿನ್ನುತ್ತದೆ. ಮಂಡಿಯೂರಿ, ಪ್ರಾಣಿಯ ಹಾಗೆ ಹರಿದು ತಿನ್ನುತ್ತದೆ, ಅವನ ಶಕ್ತಿಯನ್ನು ತನ್ನದಾಗಿಸಿಕೊಳ್ಳುತ್ತದೆ. ನಮ್ಮ ನುಡಿಗಟ್ಟು ಅಲ್ಲಿ ಅಕ್ಷರಶಃ ನಡೆಯುತ್ತದೆ. ಕನ್ನಡದಲ್ಲಿ ಇದು ಕ್ಷಮಿಸುವ ಮಾತು, ಅಲ್ಲಿ ಕಬಳಿಸುವ ಕೆಲಸ. ಈ ಎರಡು ಒಂದೇ ಕಡೆಯಿಂದ ಹುಟ್ಟುತ್ತವೆಯೇ? ಇದನ್ನೇ ಹಿಡಿದು ನಾವು ಒಂದಿಡೀ ಸಂಜೆ ಮಾತಾಡಿದೆವು.

ಹೊಕ್ಕುಳಬಳ್ಳಿಯನ್ನೂ ನೋಡಿ. ಇವಾಕ್ಕೆ ವಿದ್ಯುತ್ ಕೊಡುವ ತಂತಿಗೆ ಸರಣಿಯಲ್ಲೇ ಅಂಬಿಲಿಕಲ್ ಕೇಬಲ್ ಅಂತ ಹೆಸರು. ಅದು ಕಿತ್ತರೆ ಒಳಗಿನ ಬ್ಯಾಟರಿ ಐದೇ ನಿಮಿಷ. ಕೂರುವ ಕೋಶದ ತುಂಬ ದ್ರವ ತುಂಬುತ್ತಾರೆ, ಶಿಂಜಿ ಅದರೊಳಗೇ ಉಸಿರಾಡುತ್ತಾನೆ. ಅವನು ಓಡಿಸುವ ಇವಾದೊಳಗೆ ಅವನ ತಾಯಿ ಯೂಯಿಯ ಆತ್ಮವಿದೆ. ತಾಯಿ, ಆಯುಧ, ಗರ್ಭ, ರಾಕ್ಷಸ, ನಾಲ್ಕೂ ಒಂದೇ ಆಕಾರದಲ್ಲಿ. ಕನಸು ಹಲವನ್ನು ಒಂದರಲ್ಲಿ ತುರುಕುತ್ತದೆ ಎಂದು ಫ್ರಾಯ್ಡ್ 1900ರ ದಿನಾಂಕ ಹೊತ್ತ ತನ್ನ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಮೊದಲ ಸಲ ನೋಡುವಾಗ ಇದು ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯ ಸಲ ಆ ತಂತಿ ಕಿತ್ತು ಬೀಳುವಾಗ ನಿಮ್ಮ ಹೊಟ್ಟೆ ಬೇರೆ ಥರ ಹಿಂಡುತ್ತದೆ.

ಹೆಜ್ಜೆ 4: ಒಂದು ದೃಶ್ಯವನ್ನು ನಿಧಾನವಾಗಿ ಬಿಡಿಸಿ

ಈಗ 16ನೇ ಕಂತಿನ ರೈಲಿಗೆ ಬನ್ನಿ. ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ.

ಆ ಕಂತಿನ ದೇವದೂತ ಆಕಾಶದಲ್ಲಿ ತೇಲುವ ಕಪ್ಪು-ಬಿಳಿ ಪಟ್ಟೆಯ ಗೋಳದ ಹಾಗೆ ಕಾಣುತ್ತಾನೆ. ಆದರೆ ಆ ಗೋಳವೇ ನೆರಳು. ನಿಜವಾದ ಮೈ ನೆಲದ ಮೇಲಿರುವ ಕಪ್ಪು ‘ನೆರಳು’, 680 ಮೀಟರ್ ಅಗಲ, 3 ನ್ಯಾನೊಮೀಟರ್ ದಪ್ಪ. ಶಿಂಜಿ ಅದರೊಳಗೆ ಮುಳುಗಿಹೋಗುತ್ತಾನೆ. ಯಾವುದು ವಸ್ತು, ಯಾವುದು ನೆರಳು ಎನ್ನುವುದೇ ತಲೆಕೆಳಗಾದ ಜಾಗದಲ್ಲಿ ಅವನಿಗೆ ಅವನೇ ಎದುರಾಗುತ್ತಾನೆ.

ಎದುರಿನವನು ಹೇಳುವುದು ಇಷ್ಟು: ನೋಡುವ ನಾನು ಒಬ್ಬ, ನೋಡಿಸಿಕೊಳ್ಳುವ ನಾನು ಇನ್ನೊಬ್ಬ. ಮಾತು ಅಪ್ಪನ ಕಡೆ ತಿರುಗುತ್ತದೆ. ಹಿಂದೆ, 12ನೇ ಕಂತಿನಲ್ಲಿ, ಅಪ್ಪ ಒಂದು ಸಲ ಹೊಗಳಿದ್ದ, ಒಂದೇ ವಾಕ್ಯ. ಶಿಂಜಿ ಆ ವಾಕ್ಯವನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದಾನೆ. ಎದುರಿನವನು ಕೇಳುತ್ತಾನೆ, ಆ ಒಂದು ಸಂತೋಷವನ್ನೇ ಮೆಲುಕು ಹಾಕುತ್ತಾ ಬದುಕುತ್ತೀಯಾ ಅಂತ. ಜಪಾನಿ ಮೂಲದಲ್ಲಿರುವ ಪದ ಹಸು ಮೇವನ್ನು ಮತ್ತೆ ಬಾಯಿಗೆ ತಂದು ಅಗಿಯುವುದಕ್ಕೆ ಬಳಸುವ ಪದವೇ. ನಮ್ಮಲ್ಲೂ ನೆನಪಿಗೆ ‘ಮೆಲುಕು’ ಎಂದೇ ಹೇಳುತ್ತೇವೆ. ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ನೋಡಿದವರಿಗೆ ಈ ಮೇವಿನ ರುಚಿ ತಪ್ಪಿಹೋಗಬಹುದು.

ಈಗ ಈ ಕಂತಿನ ಶೀರ್ಷಿಕೆಗೆ ಬನ್ನಿ: ‘ಸ್ಪ್ಲಿಟಿಂಗ್ ಆಫ್ ದಿ ಬ್ರೆಸ್ಟ್’, ಮೊಲೆಯನ್ನು ಎರಡಾಗಿ ಒಡೆಯುವುದು. ಮಕ್ಕಳ ಮನೋವಿಶ್ಲೇಷಕಿ ಮೆಲಾನಿ ಕ್ಲೈನ್ ಹೇಳುವ ಪ್ರಕಾರ ಹಸುಗೂಸಿಗೆ ತಾಯಿ ಇಡಿಯಾಗಿ ಗೊತ್ತಿರುವುದಿಲ್ಲ. ಹಾಲು ಕೊಡುವ ಮೊಲೆ ಒಳ್ಳೆಯದು, ಕರೆದಾಗ ಬಾರದ ಮೊಲೆ ಕೆಟ್ಟದ್ದು. ಎರಡೂ ಒಬ್ಬಳದೇ ಎಂದು ತಿಳಿಯಲು ಸಮಯ ಬೇಕು. ತಿಳಿದಾಗ ನೋವೂ ಆಗುತ್ತದೆ. ಶಿಂಜಿ ಅಪ್ಪನ ಜೊತೆ ಮಾಡುತ್ತಿರುವುದು ಇದನ್ನೇ. ಹೊಗಳಿದ ಅಪ್ಪನನ್ನು ಒಂದು ಡಬ್ಬಿಯಲ್ಲಿ, ಬಿಟ್ಟುಹೋದ ಅಪ್ಪನನ್ನು ಇನ್ನೊಂದರಲ್ಲಿ ಇಟ್ಟಿದ್ದಾನೆ. ರೈಲಿನಲ್ಲಿ ಎದುರು ಕೂತವನು ಎರಡೂ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ.

ನೋಡಿ, ಕ್ಲೈನ್ ಹೆಸರು ಬಂದದ್ದು ಕೊನೆಗೆ. ನೆರಳು, ಎದುರಿನ ಸೀಟು, ಮೆಲುಕು, ಇಷ್ಟನ್ನು ನೋಡಿ ಮುಗಿದ ಮೇಲೆ. ಈ ಕ್ರಮ ತಪ್ಪಿಸಬೇಡಿ.

ಹೆಜ್ಜೆ 5: ಈಡಿಪಸ್ ಹೊಂದದಿದ್ದರೆ ನಮ್ಮ ಕಥೆಗಳನ್ನು ತನ್ನಿ

ಫ್ರಾಯ್ಡ್ ಹಿಡಿದುಕೊಂಡ ಗ್ರೀಕ್ ಕಥೆ ಈಡಿಪಸ್‌ನಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ, ತಾಯಿಯನ್ನು ಪಡೆಯುತ್ತಾನೆ. ಇವಾಂಗೆಲಿಯನ್‌ಗೆ ಇದನ್ನು ಹೊಂದಿಸಿ ಬರೆದವರು ಬೇಕಾದಷ್ಟು ಜನ. ಸ್ವಲ್ಪ ಹೊಂದುತ್ತದೆ ಕೂಡ. ಆದರೆ ನನಗೆ ಮೊದಲಿನಿಂದಲೂ ಒಂದು ಕಡೆ ಚುಚ್ಚುತ್ತಿತ್ತು. ಈ ಕಥೆಯಲ್ಲಿ ಹಸಿವು ಜಾಸ್ತಿ ಇರುವುದು ಮಗನಿಗಲ್ಲ, ಅಪ್ಪನಿಗೆ. ಶಿಂಜಿಯ ಅಪ್ಪ ಗೆಂಡೊಗೆ ಕಳೆದುಹೋದ ಹೆಂಡತಿ ಬೇಕು. ಅದಕ್ಕಾಗಿ ಮಗನ ಬಾಲ್ಯವನ್ನು, ಮೈಯನ್ನು, ನಿದ್ದೆಯನ್ನು ಖರ್ಚು ಮಾಡುತ್ತಾನೆ.

ಇದು ಯಯಾತಿ ಅಲ್ವಾ? ಶಾಪದಿಂದ ಮುಪ್ಪು ಬಂದ ಅಪ್ಪ ಮಕ್ಕಳನ್ನು ಕರೆದು ಯೌವನ ಕೇಳುತ್ತಾನೆ. ಉಳಿದವರು ಒಲ್ಲೆ ಎನ್ನುತ್ತಾರೆ, ಪೂರು ಒಪ್ಪುತ್ತಾನೆ. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದರು. ಗಂಡ ಮುಪ್ಪು ಹೊತ್ತುಕೊಂಡರೆ ಅದರ ಬೆಲೆ ಯಾರು ಕೊಡಬೇಕು ಎಂದು ಅವಳ ಸಾವಿನ ಮೂಲಕ ಕೇಳಿದರು. ಶಿಂಜಿ ಒಂದನೇ ಕಂತಿನಲ್ಲಿ ಇವಾ ಏರಲು ಒಪ್ಪುವುದೂ ಹೀಗೆಯೇ. ಅವನು ಒಲ್ಲೆ ಎಂದಾಗ ಗಾಯಗೊಂಡ ರೇಯನ್ನು ಮಂಚದ ಮೇಲೆ ತಳ್ಳಿಕೊಂಡು ಬರುತ್ತಾರೆ. ಅವನ ಕೈಗೆ ಅವಳ ರಕ್ತ ಅಂಟುತ್ತದೆ. ಬೆಲೆ ಕೊಡುವವಳು ಎದುರಿಗೇ ಇದ್ದಾಳೆ.

ಹೀಗೆ ಮಾಡುವುದು ಮನಸ್ಸಿಗೆ ಬಂದಂತೆ ಎಳೆಯುವುದಲ್ಲ, ಇದಕ್ಕೆ ಪರಂಪರೆಯೇ ಇದೆ. ಕಲ್ಕತ್ತೆಯಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡನ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. ತಮ್ಮ ರೋಗಿಗಳಲ್ಲಿ ಕಂಡದ್ದು ಯುರೋಪಿನಂತೆಯೇ ಇಲ್ಲ ಎಂದು ಅವನಿಗೇ ಬರೆದರು. ನಮ್ಮ ಎ.ಕೆ. ರಾಮಾನುಜನ್ ಕನ್ನಡದ ಒಂದು ಜನಪದ ಕಥೆಯಿಂದ ಶುರುಮಾಡಿ ಭಾರತದ ಈಡಿಪಸ್ ಬಗ್ಗೆ ಬರೆದರು. ಹೆತ್ತ ಮಗನನ್ನೇ ಮದುವೆಯಾಗುವೆ ಎಂಬ ಹಣೆಬರಹ ಹೊತ್ತು ಹುಟ್ಟಿದ ಹುಡುಗಿಯ ಕಥೆ ಅದು. ಇಲ್ಲಿ ಕಥೆ ಹೇಳುವವಳು ತಾಯಿಯ ಕಡೆಯಿಂದ ಹೇಳುತ್ತಾಳೆ. ನಮ್ಮ ಕಥೆಗಳಲ್ಲಿ ಹೊಡೆತ ಬೀಳುವುದು ಹೆಚ್ಚಾಗಿ ಅಪ್ಪನಿಂದ ಮಗನ ಕಡೆಗೆ ಎಂದೂ ಅವರು ತೋರಿಸಿದರು. ಕೊನೆಯ ವರ್ಷಗಳನ್ನು ಗೋವಾದಲ್ಲಿ ಕಳೆದು 2024ರಲ್ಲಿ ತೀರಿಕೊಂಡ ಮನೋವಿಶ್ಲೇಷಕ ಸುಧೀರ್ ಕಕ್ಕರ್ ಭಾರತೀಯರ ಒಳಜಗತ್ತಿನಲ್ಲಿ ತಾಯಿಯ ಜಾಗ ಎಷ್ಟು ದೊಡ್ಡದು ಎಂದು ಜೀವನವಿಡೀ ಬರೆದವರು.

ಜಪಾನಿನಲ್ಲೂ ಹಾಗೆಯೇ. ಹೈಸಾಕು ಕೊಸಾವಾ ಎಂಬ ವಿಶ್ಲೇಷಕ 1932ರಲ್ಲಿ ವಿಯೆನ್ನಾದಲ್ಲಿ ಫ್ರಾಯ್ಡನನ್ನು ಕಂಡಾಗ ಬೇರೆಯದೇ ಒಂದು ಕಥೆಯನ್ನು ಮುಂದಿಟ್ಟಿದ್ದ. ಅದು ನಮ್ಮ ಮಗಧದ ಅಜಾತಶತ್ರುವಿನ ಕಥೆ. ಅದರಲ್ಲಿ ಅವನು ಕಂಡದ್ದು ತಾಯಿಯ ಮೇಲಿನ ಮಗನ ಸಿಟ್ಟು, ಆಮೇಲೆ ಸಿಗುವ ಕ್ಷಮೆ. ಮುಂದೆ ಮನೋವೈದ್ಯ ತಕೆಯೊ ದೋಯಿ ‘ಅಮಾಎ’ ಎಂಬ ಜಪಾನಿ ಪದವನ್ನು ಹಿಡಿದು 1971ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನನ್ನನ್ನು ಹೇಗಿದ್ದರೂ ಸಹಿಸಿಕೊಳ್ಳುತ್ತಾರೆ ಎಂಬ ಧೈರ್ಯದಲ್ಲಿ ಒಬ್ಬರ ಮೇಲೆ ಒರಗುವುದು ಅಮಾಎ. ನಮ್ಮ ‘ಸಲುಗೆ’ ಅದಕ್ಕೆ ತುಂಬಾ ಹತ್ತಿರ. ಶಿಂಜಿಗೆ ಯಾರ ಹತ್ತಿರವೂ ಸಲುಗೆ ಇಲ್ಲ. ತನ್ನನ್ನು ಮನೆಯಲ್ಲಿ ಇರಿಸಿಕೊಳ್ಳುವ ಅಧಿಕಾರಿ ಮಿಸಾತೊಳ ಮನೆಗೆ ಮೊದಲ ಸಲ ಬಂದಾಗ ಬಾಗಿಲಲ್ಲಿ ನಿಂತು ತಡವರಿಸುವ ಹುಡುಗನನ್ನು ಈ ಒಂದು ಪದ ಎಷ್ಟು ಚೆನ್ನಾಗಿ ತೋರಿಸುತ್ತದೆ!

ಹಾಗಂತ ಯಯಾತಿಯನ್ನೂ ಮುದ್ರೆ ಮಾಡಿಕೊಳ್ಳಬೇಡಿ. ಎಲ್ಲಿ ಹೊಂದುವುದಿಲ್ಲ ಅಂತಲೂ ಬರೆಯಿರಿ. ಪೂರುವಿಗೆ ಕೊನೆಗೆ ರಾಜ್ಯ ಸಿಗುತ್ತದೆ. ಶಿಂಜಿಗೆ ಏನು ಸಿಕ್ಕಿತು? ಬಬ್ರುವಾಹನನ ಪ್ರಸಂಗ ನೋಡಿ ಬೆಳೆದ ನಮ್ಮ ಮಾವ ಬೇರೆ ಪ್ರಶ್ನೆ ಕೇಳಿದರು: “ಇವನು ಅಪ್ಪನ ಮೇಲೆ ಯಾಕೆ ಬಾಣ ಬಿಡಲ್ಲ?” ಒಂದು ಕಡೆ, 19ನೇ ಕಂತಿನ ಶುರುವಿನಲ್ಲಿ, ಶಿಂಜಿ ಇವಾದೊಳಗೆ ಕೂತು ಅಪ್ಪನ ಕಚೇರಿಯನ್ನೇ ಪುಡಿಮಾಡುತ್ತೇನೆ ಎನ್ನುತ್ತಾನೆ. ಆಗ ಅಪ್ಪ ಮಾಡುವುದೇನು? ಆ ದ್ರವದ ಒತ್ತಡ ಹೆಚ್ಚಿಸಿ ಮಗನ ಪ್ರಜ್ಞೆ ತಪ್ಪಿಸುತ್ತಾನೆ. ತಾಯಿಯ ಗರ್ಭದಂಥ ಜಾಗದೊಳಗೂ ಅಪ್ಪನ ಕೈ ಇದೆ.

ಹೆಜ್ಜೆ 6: ಖಾಲಿ ಹೊತ್ತನ್ನೂ ಓದಿ

22ನೇ ಕಂತಿನಲ್ಲಿ ಅಸುಕಾ, ರೇ ಇಬ್ಬರೂ ಲಿಫ್ಟಿನಲ್ಲಿ ಹೋಗುವ ದೃಶ್ಯವಿದೆ. ಸುಮಾರು 50 ಸೆಕೆಂಡು ಯಾರೂ ಮಾತಾಡುವುದಿಲ್ಲ. ಚಿತ್ರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮಹಡಿ ದಾಟುವ ಟಕ್ ಟಕ್ ಸದ್ದು ಮಾತ್ರ. ನಾವು ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ನೋಡಿದೆವು. ಒಬ್ಬಳು ಉಗುರು ಕಚ್ಚಿದಳು. ನನಗೆ ನಮ್ಮ ಸೊಸೈಟಿಯ ಲಿಫ್ಟ್ ನೆನಪಾಯಿತು. ಮಾತು ಬಿಟ್ಟ ಪಕ್ಕದ ಮನೆಯವರ ಜೊತೆ ಏಳನೇ ಮಹಡಿವರೆಗೆ ನಂಬರ್ ನೋಡುತ್ತಾ ನಿಂತ ಹೊತ್ತು.

ಕೊನೆಯ ಕಂತುಗಳನ್ನು ಮಾಡುವಾಗ ತಂಡದ ಮೇಲೆ ಸಮಯದ ಒತ್ತಡ ಬಹಳ ಇತ್ತು. ಅಲುಗದ ಚಿತ್ರಕ್ಕೆ ಅದೂ ಕಾರಣವಿರಬಹುದು. ಹಾಗಾಗಿ ಪ್ರತಿಯೊಂದು ನಿಂತ ಚಿತ್ರದಲ್ಲೂ ಗುಪ್ತ ಅರ್ಥ ಹುಡುಕಬೇಡಿ. ಆದರೆ ಕಾರಣ ಏನೇ ಇರಲಿ, ಆ ಹೊತ್ತಿನಲ್ಲಿ ನೋಡುವವರ ಒಳಗೆ ಏನೋ ಆಗುತ್ತದೆ. ಅದು ನಿಮ್ಮ ಎರಡನೆಯ ಭಾಗಕ್ಕೆ ಸೇರಬೇಕು.

ಹತ್ತಿರ ಇದ್ದೂ ತಾಗದಿರುವ ಈ ಸಂಕಟಕ್ಕೆ ಸರಣಿಯೇ ಒಂದು ಚಿತ್ರ ಕೊಡುತ್ತದೆ. 4ನೇ ಕಂತಿನ ಇಂಗ್ಲಿಷ್ ಹೆಸರು ಮುಳ್ಳುಹಂದಿಯ ಸಂಕಟ. ಚಳಿಗೆ ಹತ್ತಿರ ಬಂದರೆ ಮುಳ್ಳು ಚುಚ್ಚುತ್ತದೆ, ದೂರ ಹೋದರೆ ಚಳಿ. ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ 1851ರಲ್ಲಿ ಹೇಳಿದ ಈ ದೃಷ್ಟಾಂತವನ್ನು ಫ್ರಾಯ್ಡ್ 1921ರಲ್ಲಿ ಗುಂಪಿನ ಮನಸ್ಸಿನ ಬಗ್ಗೆ ಬರೆಯುವಾಗ ಎತ್ತಿಕೊಂಡ. ಲೋಕಲ್ ರೈಲಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ತೊಡೆ ಊರಿ ಕೂತ ಯಾರಿಗೂ ಇದು ಅರ್ಥವಾಗುತ್ತದೆ. ಮೈ ಅಷ್ಟು ಒತ್ತಿದಾಗ ಮನಸ್ಸು ತಾನಾಗಿ ಗೋಡೆ ಎಬ್ಬಿಸುತ್ತದೆ. ಸರಣಿಯಲ್ಲಿ ಆ ಗೋಡೆಗೆ ಎ.ಟಿ. ಫೀಲ್ಡ್ ಅಂತ ಹೆಸರು.

ಹೆಜ್ಜೆ 7: ಓದನ್ನು ಪರೀಕ್ಷೆಗೆ ಒಡ್ಡಿ

ನಿಮ್ಮ ಓದಿಗೆ ಸರಣಿಯಲ್ಲೇ ಕನಿಷ್ಠ ಮೂರು ಕಡೆ ಆಧಾರ ತೋರಿಸಿ. ಒಂದೇ ಕಡೆ ಸಿಕ್ಕಿದರೆ ಅದು ಊಹೆ ಅಂತಲೇ ಬರೆಯಿರಿ. ವಿರುದ್ಧ ಹೋಗುವ ಒಂದು ದೃಶ್ಯವನ್ನೂ ಹುಡುಕಿ.

ಸಬ್‌ಟೈಟಲಿನ ಒಂದೇ ಪದದ ಮೇಲೆ ಗೋಪುರ ಕಟ್ಟಬೇಡಿ. 2019ರಲ್ಲಿ ನೆಟ್‌ಫ್ಲಿಕ್ಸ್ ಈ ಸರಣಿಯನ್ನು ಹೊಸ ಇಂಗ್ಲಿಷ್ ಅನುವಾದದ ಜೊತೆ ತಂದಿತು. 24ನೇ ಕಂತಿನಲ್ಲಿ ಕಾವೊರು ಎಂಬ ಹೊಸ ಹುಡುಗ ಶಿಂಜಿಗೆ ಹೇಳುವ ಮಾತು ಹಳೆಯದರಲ್ಲಿ ಪ್ರೀತಿ ಆಗಿತ್ತು, ಹೊಸದರಲ್ಲಿ ಬರೀ ಮೆಚ್ಚುಗೆಯಾಯಿತು. ಅಭಿಮಾನಿಗಳು ಸಿಟ್ಟಾದರು. ಮೂಲದ ಪದಕ್ಕೆ ಎರಡೂ ಅರ್ಥ ಇದೆ. ಕನ್ನಡದಲ್ಲಿ ‘ನೀನಂದ್ರೆ ಇಷ್ಟ’ ಎಂದರೆ ಸಾಕು, ಆ ಎರಡೂ ಹಾಗೇ ಉಳಿಯುತ್ತವೆ.

ಹೆಜ್ಜೆ 8: ಯಾರಿಗೂ ರೋಗದ ಹೆಸರು ಕೊಡಬೇಡಿ

ಶಿಂಜಿಗೆ ಇಂಥ ಕಾಯಿಲೆ, ಅಸುಕಾಗೆ ಅಂಥದ್ದು ಎಂದರೆ ಓದು ಅಲ್ಲಿಗೇ ನಿಂತುಬಿಡುತ್ತದೆ. ನಿರ್ದೇಶಕರಿಗೂ ಹಾಗೆ ಮಾಡಬೇಡಿ. ನಾಲ್ಕು ವರ್ಷ ಏನೂ ಮಾಡಲಾಗದೆ ಕುಸಿದಿದ್ದೆ ಎಂದು ಆನ್ನೊ ಸರಣಿ ಶುರುವಾಗುವ ಮೊದಲೇ ತಾವಾಗಿ ಬರೆದಿದ್ದರು. ಅದನ್ನು ಗೌರವದಿಂದ ತಿಳಿದುಕೊಂಡರೆ ಸಾಕು.

ಗುಂಪಿನಲ್ಲಿ ನೋಡುವಾಗ ಇನ್ನೂ ಎಚ್ಚರ ಬೇಕು. ಯಾರೋ ಅತ್ತರೆ ‘ನಿನ್ನ ಅಪ್ಪನ ಸಮಸ್ಯೆ ಇದು’ ಎನ್ನಬೇಡಿ. ಅವರ ನೆನಪನ್ನು ಬಿಡಿಸಿ ಹೇಳುವ ಹಕ್ಕು ಅವರದು ಮಾತ್ರ. ಸರಣಿಯಲ್ಲಿ ಹಿಂಸೆ ಇದೆ, 20ರ ನಂತರದ ಕಂತುಗಳಲ್ಲಿ ಆತ್ಮಹತ್ಯೆಯೂ ಬರುತ್ತದೆ. ಚಿಕ್ಕ ಮಕ್ಕಳ ಜೊತೆ ನೋಡುವುದಲ್ಲ. ಯಾರಿಗಾದರೂ ಮನಸ್ಸು ತೀರಾ ಭಾರವಾದರೆ ಅಲ್ಲೇ ನಿಲ್ಲಿಸಿ, ಜೊತೆಗೆ ಕೂತುಕೊಳ್ಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡಬಹುದು.

ಹೆಜ್ಜೆ 9: ಒಂದು ಪುಟ ಬರೆಯಿರಿ

ಒಂದು ದೃಶ್ಯ, ಒಂದು ಪರಿಕಲ್ಪನೆ, ಒಂದು ಪುಟ. ಮೊದಲ ಅರ್ಧದಲ್ಲಿ ಕಂಡದ್ದು ಮಾತ್ರ, ವಿವರಣೆ ಬೇಡ. ಮುಂದಿನ ಅರ್ಧದಲ್ಲಿ ಅದು ಹೀಗಿರಬಹುದು ಎಂಬ ನಿಮ್ಮ ಓದು. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ತಯಾರಿರುವ ಪದಗಳು ನಿಮ್ಮ ಪರವಾಗಿ ಯೋಚಿಸಿಬಿಡುತ್ತವೆ. ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕು, ಆಗ ಅರ್ಥವಾಗದ್ದು ಎಲ್ಲಿ ಅಂತ ನಿಮಗೇ ಕಾಣುತ್ತದೆ.

ಬರೆದಾದ ಮೇಲೆ ನೋಟ್‌ಬುಕ್‌ನ ಮೊದಲ ಪುಟಕ್ಕೆ ಹಿಂತಿರುಗಿ. ಮೊದಲ ನೋಟದಲ್ಲಿ ಆದದ್ದಕ್ಕೂ ಈಗಿನದಕ್ಕೂ ಏನು ಸಂಬಂಧ ಅಂತ ಕೆಳಗೆ ಬೇರೆ ಬಣ್ಣದಲ್ಲಿ ಬರೆಯಿರಿ. ನನ್ನ ಮಗಳ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ‘ಶಿಂಜಿ ಅಳುಬುರುಕ, ತುಂಬಾ ಕಿರಿಕಿರಿ’ ಎಂಬ ಸಾಲಿನ ಕೆಳಗೆ, ಐದು ತಿಂಗಳ ನಂತರ, ಹಸಿರು ಪೆನ್ನಿನಲ್ಲಿ ಅವಳು ಬರೆದದ್ದು ಇದು: “ಅಪ್ಪ ದುಬೈಯಿಂದ ಫೋನ್ ಮಾಡಿದಾಗ ನಾನೂ ಹೂಂ, ಹೂಂ ಅಂತ ಮಾತ್ರ ಹೇಳೋದು. ಅಪ್ಪ ಇಟ್ಟ ಮೇಲೆ ಫೋನನ್ನ ಸ್ವಲ್ಪ ಹೊತ್ತು ಕಿವಿ ಹತ್ರಾನೇ ಇಟ್ಕೊಂಡಿರ್ತೀನಿ.”